ಕರಾವಳಿಯ ಸಾಂಕ್ರಾಮಿಕ ರೋಗಗಳು: ಯಾವ ಸಂಶೋಧನೆ ಮೊದಲು ಎಂದು ತೀರ್ಮಾನಿಸುವುದು ಹೇಗೆ?

ಮಂಗಳೂರು, ದೇರಳಕಟ್ಟೆ, ಮಣಿಪಾಲ. ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಮೆಡಿಕಲ್ ಕಾಲೇಜು, ಲ್ಯಾಬ್ ಇರುವ ಜಾಗ ರಾಜ್ಯದಲ್ಲಿ ಬೇರೆ ಕಡೆ ಸಿಗುವುದು ಕಡಿಮೆ. ಡೆಂಗಿ, ಮಲೇರಿಯಾ, ಇಲಿ ಜ್ವರದ ಮೇಲೆ ವರ್ಷವರ್ಷವೂ ಇಲ್ಲಿಂದ ಪ್ರಬಂಧಗಳು ಹೊರಬರುತ್ತವೆ. ಆದರೂ ಜುಲೈ ತಿಂಗಳಲ್ಲಿ ಸುಳ್ಯದಲ್ಲೋ ಬೈಂದೂರಿನಲ್ಲೋ ಒಬ್ಬ ವೈದ್ಯಾಧಿಕಾರಿ 'ಈ ಜ್ವರಕ್ಕೆ ರಿಪೋರ್ಟ್ ಬರುವ ಮೊದಲೇ ಡಾಕ್ಸಿಸೈಕ್ಲಿನ್ ಆ್ಯಂಟಿಬಯೋಟಿಕ್ ಶುರು ಮಾಡಬಹುದಾ?' ಎಂದು ಕೇಳಿದರೆ, ಆ ತಾಲೂಕಿನದ್ದೇ ಮಾಹಿತಿ ಇಟ್ಟುಕೊಂಡು ಉತ್ತರ ಕೊಡುವುದು ಸುಲಭವಲ್ಲ.

ಇದಕ್ಕೆ ಯಾರದ್ದೋ ಸೋಮಾರಿತನ ಕಾರಣವಲ್ಲ. ಸಂಶೋಧನೆಯ ವಿಷಯ ಆರಿಸುವ ರೀತಿಯೇ ಹಾಗಿದೆ. ಗೈಡ್‌ಗೆ ಪರಿಚಯದ ವಿಷಯ, ಲ್ಯಾಬಿನಲ್ಲಿ ಸಿಗುವ ಕಿಟ್, ವಾರ್ಡಿನಲ್ಲಿ ಬೇಗ ಸಿಗುವ ರೋಗಿಗಳು. ಇವುಗಳಿಂದಲೇ ಪ್ರಬಂಧದ ವಿಷಯ ನಿರ್ಧಾರವಾಗುತ್ತದೆ. ದೊಡ್ಡ ಪಟ್ಟಿಗಳೂ ನಮ್ಮ ಕೆಲಸ ಮಾಡಿಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಆದ್ಯತಾ ರೋಗಗಳ ಪಟ್ಟಿಯಲ್ಲಿ ನಿಫಾ ಇತ್ತು, ಎಬೋಲಾ ಇತ್ತು. ನಮ್ಮ ಕಾಡಂಚಿನಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇರಲಿಲ್ಲ. ಅದು ಜಗತ್ತಿಗಾಗಿ ಮಾಡಿದ ಪಟ್ಟಿ, ಹಾಗಾಗಿ ತಪ್ಪೇನೂ ಇಲ್ಲ. ಬೆಳ್ತಂಗಡಿಗೆ ಬೇಕಾದ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು, ಅಷ್ಟೇ.

ಸಮುದಾಯ ವೈದ್ಯಕೀಯ ವಿಭಾಗದವರು, ಜಿಲ್ಲಾ ಮತ್ತು ತಾಲೂಕು ಆರೋಗ್ಯಾಧಿಕಾರಿಗಳು, ಈ ಕೆಲಸಕ್ಕೆ ಕೈ ಜೋಡಿಸಬಯಸುವ ಸಂಘ ಸಂಸ್ಥೆಗಳು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಾನು ಒತ್ತಿ ಹೇಳುವ ಮಾತು ಒಂದೇ: ರೋಗಗಳ ಪಟ್ಟಿ ಮಾಡಬೇಡಿ, ಪ್ರಶ್ನೆಗಳ ಪಟ್ಟಿ ಮಾಡಿ. 'ಡೆಂಗಿ ಮೊದಲು, ಮಲೇರಿಯಾ ಎರಡನೆಯದು' ಎಂದು ಬರೆದರೆ ಯಾರಿಗೂ ನಾಳೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಹಂತ 1: ಯಾರಿಗಾಗಿ, ಎಲ್ಲಿಯ ತನಕ?

ಮೊದಲು ಈ ಪಟ್ಟಿಯನ್ನು ಬಳಸುವವರು ಯಾರು ಎಂದು ಬರೆದಿಡಿ. ಜಿಲ್ಲಾ ಆರೋಗ್ಯಾಧಿಕಾರಿಯೇ, ಕಾಲೇಜಿನ ಸಂಶೋಧನಾ ಸಮಿತಿಯೇ, ಮಹಾನಗರ ಪಾಲಿಕೆಯೇ? ಬಳಸುವವರು ಮೊದಲ ಸಭೆಯಲ್ಲೇ ಇಲ್ಲದಿದ್ದರೆ ಕೊನೆಗೆ ಪಟ್ಟಿ ಕಪಾಟು ಸೇರುತ್ತದೆ.

ಆಮೇಲೆ ಗಡಿ ಗುರುತಿಸಿ. ಕಾಗದದಲ್ಲಿ ಎರಡು ಜಿಲ್ಲೆ, ದಕ್ಷಿಣ ಕನ್ನಡ ಮತ್ತು ಉಡುಪಿ. ರೋಗದ ಲೆಕ್ಕದಲ್ಲಿ ಮೂರು ಭಾಗ: ಕಡಲಂಚಿನ ಊರು ಮತ್ತು ಪೇಟೆ, ನಡುವಿನ ಗದ್ದೆ–ಅಡಿಕೆ ತೋಟದ ಸೀಮೆ, ಘಟ್ಟದ ಬುಡ. ಮಂಗಳೂರಿನ ಕಟ್ಟಡಗಳಲ್ಲಿ ಮಲೇರಿಯಾ ಹರಡುವ ದಾರಿಗೂ ಹೆಬ್ರಿಯ ಕಾಡಂಚಿನಲ್ಲಿ ಉಣುಗು ಕಚ್ಚುವ ದಾರಿಗೂ ಸಂಬಂಧವೇ ಇಲ್ಲ. ಆದ್ದರಿಂದ ಪಟ್ಟಿಯೊಳಗೆ ಈ ಮೂರಕ್ಕೂ ಬೇರೆ ಬೇರೆ ಜಾಗ ಇರಲಿ.

ಕಾಸರಗೋಡನ್ನು ಬಿಡಬೇಡಿ. ದಿನವೂ ಸಾವಿರಾರು ಜನ ತಲಪಾಡಿ ದಾಟಿ ಓದಲು, ದುಡಿಯಲು, ಚಿಕಿತ್ಸೆಗೆ ಬರುತ್ತಾರೆ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಫಾ ಕಾಣಿಸಿಕೊಂಡಾಗ ಅದನ್ನು ಮೊದಲು ಗುರುತಿಸಿದ್ದು ಮಣಿಪಾಲದ ವೈರಾಣು ಪ್ರಯೋಗಾಲಯ. ಗಡಿ ರಾಜ್ಯಕ್ಕೆ, ರೋಗಕ್ಕಲ್ಲ.

ಅವಧಿ ಐದು ವರ್ಷ ಸಾಕು. ಅದಕ್ಕಿಂತ ಜಾಸ್ತಿ ಇಟ್ಟರೆ ಊಹೆಯಾಗುತ್ತದೆ.

ಹಂತ 2: ಅಂಕಿಅಂಶ ತನ್ನಿ, ಆದರೆ ಕಣ್ಣು ಮುಚ್ಚಿ ನಂಬಬೇಡಿ

ಈ ಹಂತಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಜಿಲ್ಲಾ ಸರ್ವೇಕ್ಷಣಾ ಘಟಕದ ವರದಿ, ರೋಗಗಳ ವರದಿ ಸೇರುವ ಕೇಂದ್ರ ಸರ್ಕಾರದ ಐಎಚ್‌ಐಪಿ ಪೋರ್ಟಲ್‌ನ ಮಾಹಿತಿ, ವೆನ್‌ಲಾಕ್‌ನಂಥ ಸರ್ಕಾರಿ ಆಸ್ಪತ್ರೆಯ ದಾಖಲೆ, ಖಾಸಗಿ ಮೆಡಿಕಲ್ ಕಾಲೇಜುಗಳ ಲ್ಯಾಬ್ ರಿಜಿಸ್ಟರ್, ಕ್ಷಯಕ್ಕೆ ನಿಕ್ಷಯ್ ಪೋರ್ಟಲ್. ಕನಿಷ್ಠ ಐದು ವರ್ಷದ್ದು ತೆಗೆಯಿರಿ, ತಿಂಗಳ ಪ್ರಕಾರ ಜೋಡಿಸಿ. ಕೋವಿಡ್ ಇದ್ದ 2020 ಮತ್ತು 2021ನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಆ ವರ್ಷಗಳಲ್ಲಿ ಉಳಿದ ಜ್ವರಗಳ ಪರೀಕ್ಷೆ ಎಂದಿನಂತೆ ನಡೆದಿಲ್ಲ.

ಇನ್ನು ನಾಲ್ಕು ಕಡೆ ಲೆಕ್ಕ ದಾರಿ ತಪ್ಪಿಸುತ್ತದೆ.

ಮೊದಲನೆಯದು ವಿಳಾಸ. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಶಿವಮೊಗ್ಗ, ಉತ್ತರ ಕನ್ನಡ, ದಾವಣಗೆರೆ, ಹಾವೇರಿ, ಕೊಡಗು, ಕಾಸರಗೋಡಿನಿಂದ ರೋಗಿಗಳು ಬರುತ್ತಾರೆ. ಆಸ್ಪತ್ರೆಯ ಒಟ್ಟು ಸಂಖ್ಯೆಯನ್ನೇ 'ಉಡುಪಿ ಜಿಲ್ಲೆಯ ಸಂಖ್ಯೆ' ಎಂದು ಹಿಡಿದರೆ ಇಡೀ ಪಟ್ಟಿಯೇ ವಾಲುತ್ತದೆ. ಪಿನ್ ಕೋಡ್ ಹಿಡಿದು ವಿಂಗಡಿಸಿ. ಕಾರ್ಮಿಕರಾದರೆ ಆಧಾರ್‌ನ ವಿಳಾಸ ಬೇಡ, ಕಳೆದ ಎರಡು ವಾರ ಮಲಗಿದ್ದು ಎಲ್ಲಿ ಎಂದು ನೋಡಿ.

ಎರಡನೆಯದು ಪರೀಕ್ಷೆ. ಸರ್ಕಾರದ ಲೆಕ್ಕದಲ್ಲಿ ಡೆಂಗಿ ಖಚಿತವಾಗುವುದು ಲ್ಯಾಬಿನಲ್ಲಿ ಮಾಡುವ ಎಲೈಸಾ ಎಂಬ ರಕ್ತ ಪರೀಕ್ಷೆಯಿಂದ. ಖಾಸಗಿ ಕ್ಲಿನಿಕ್ಕಿನಲ್ಲಿ ರ‍್ಯಾಪಿಡ್ ಕಾರ್ಡ್‌ನಲ್ಲಿ ಪಾಸಿಟಿವ್ ಬಂದವರು ಶಂಕಿತರ ಪಟ್ಟಿಯಲ್ಲೇ ಉಳಿಯುತ್ತಾರೆ. ಇಲಿ ಜ್ವರದಲ್ಲಿ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಅಂಶ) ರಕ್ತದಲ್ಲಿ ಕಾಣಿಸಿಕೊಳ್ಳಲು ಸುಮಾರು ಐದು ದಿನ ಬೇಕು. ಎರಡನೇ ದಿನವೇ ರಕ್ತ ಕೊಟ್ಟು ನೆಗೆಟಿವ್ ಬಂದವರು ಮತ್ತೆ ಪರೀಕ್ಷೆಗೆ ಬಾರದಿದ್ದರೆ ಲೆಕ್ಕಕ್ಕೇ ಸಿಗುವುದಿಲ್ಲ.

ಮೂರನೆಯದು, ಹುಡುಕಿದರೆ ಮಾತ್ರ ಸಿಗುವ ರೋಗಗಳು. ಮೆಲಿಯಾಯ್ಡೋಸಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಇದರ ಬ್ಯಾಕ್ಟೀರಿಯಾ ಮಣ್ಣು, ನೀರಿನಲ್ಲಿರುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದವರನ್ನು ಹೆಚ್ಚು ಕಾಡುತ್ತದೆ. ಶ್ವಾಸಕೋಶಕ್ಕೆ ಬಂದರೆ ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣಬಹುದು. ಕಲ್ಚರ್ ಮಾಡುವ, ಎಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ, ಅದನ್ನು ಗುರುತು ಹಿಡಿಯುವ ಲ್ಯಾಬ್ ಇದ್ದರಷ್ಟೇ ಪತ್ತೆಯಾಗುತ್ತದೆ. ಈ ಕರಾವಳಿಯಲ್ಲಿ ಮೆಲಿಯಾಯ್ಡೋಸಿಸ್ ಇದೆ ಎಂದು ಎತ್ತಿ ತೋರಿಸಿದ್ದರಲ್ಲಿ ಮಣಿಪಾಲದ ಸೂಕ್ಷ್ಮಜೀವಿ ತಜ್ಞರ ಪಾಲು ದೊಡ್ಡದು. ಹಾಗಾದರೆ ಕಲ್ಚರ್ ಸೌಲಭ್ಯ ಇಲ್ಲದ ತಾಲೂಕಿನ ಲೆಕ್ಕದಲ್ಲಿ 'ಸೊನ್ನೆ' ಇದ್ದರೆ ಅದನ್ನು ಸೊನ್ನೆ ಎಂದು ಓದಬಾರದು. 'ನೋಡಿಲ್ಲ' ಎಂದು ಓದಬೇಕು. ಕೋಷ್ಟಕದಲ್ಲಿ ಈ ಎರಡಕ್ಕೂ ಬೇರೆ ಬೇರೆ ಗುರುತು ಹಾಕಿ.

ನಾಲ್ಕನೆಯದು ಗಡಿ ಬದಲಾದ ಲೆಕ್ಕ. ಉಡುಪಿ ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೂ ಹಿಂದಿನ ದಕ್ಷಿಣ ಕನ್ನಡದ ಸಂಖ್ಯೆಯಲ್ಲಿ ಉಡುಪಿಯೂ ಸೇರಿದೆ. ಕಡಬ, ಮೂಡುಬಿದಿರೆ, ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಇವೆಲ್ಲ ಈಚಿನ ತಾಲೂಕುಗಳು. ಹಳೆಯ ತಾಲೂಕಿನ ಲೆಕ್ಕಕ್ಕೆ ಹೊಸದನ್ನು ಹೋಲಿಸುವಾಗ 'ಪುತ್ತೂರಿನಲ್ಲಿ ಕಡಿಮೆಯಾಯಿತು' ಎಂದು ಖುಷಿಪಡುವ ಮೊದಲು ಕಡಬವನ್ನು ಕೂಡಿಸಿ ನೋಡಿ.

ಹಂತ 3: ಜನರ ಹತ್ತಿರ ಕೂತು ಕೇಳಿ

ಆಶಾ ಕಾರ್ಯಕರ್ತೆಯರು, ಮೀನುಗಾರರು, ಅಡಿಕೆ ಕೃಷಿಕರು, ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವವರು, ಬೀಡಿ ಕಟ್ಟುವ ಮಹಿಳೆಯರು, ಕೊರಗ ಸಮುದಾಯದವರು, ಕಟ್ಟಡ ಕಾರ್ಮಿಕರು, ಅರಣ್ಯ ವೀಕ್ಷಕರು, ಪಶುವೈದ್ಯರು. ಪೇಟೆಯ ಖಾಸಗಿ ಕ್ಲಿನಿಕ್ಕಿನ ಡಾಕ್ಟ್ರನ್ನು ಮರೆಯಬೇಡಿ. ಜ್ವರ ಬಂದವರು ಮೊದಲು ಹೋಗುವುದು ಬಹಳ ಸಲ ಅಲ್ಲಿಗೇ ಅಲ್ವಾ?

ಭಾಷೆ ನೋಡಿಕೊಳ್ಳಿ. ತುಳು, ಬ್ಯಾರಿ, ಕೊಂಕಣಿ, ಕುಂದಾಪುರದ ಕಡೆ ಕುಂದಗನ್ನಡ, ಕಾರ್ಮಿಕರ ಶೆಡ್‌ನಲ್ಲಿ ಹಿಂದಿ, ಬಂಗಾಳಿ, ಒಡಿಯಾ. ಪಟ್ಟಣದ ಕನ್ನಡದಲ್ಲಿ ಅಚ್ಚು ಹಾಕಿದ ಪ್ರಶ್ನಾವಳಿ ಹಿಡಿದು ಹೋದರೆ ತಲೆಯಾಡಿಸಿ ಕಳಿಸುತ್ತಾರೆ.

ಹೊತ್ತೂ ನೋಡಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಯ ಮೀನುಗಾರರ ಜೊತೆ ಕೂತು ಮಾತಾಡಲು ಅದು ಸರಿಯಾದ ಸಮಯ. ಅಡಿಕೆಗೆ ಮದ್ದು ಬಿಡುವ ದಿನ ತೋಟಕ್ಕೆ ಹೋಗಿ ಪ್ರಶ್ನೆ ಕೇಳಬೇಡಿ.

ಕೇಳುವುದಾದರೂ ಏನು? 'ಯಾವ ರೋಗದ ಮೇಲೆ ಸಂಶೋಧನೆ ಆಗಬೇಕು' ಎಂದು ಕೇಳಿದರೆ ಕಳೆದ ವಾರ ಪತ್ರಿಕೆಯಲ್ಲಿ ಬಂದ ರೋಗದ ಹೆಸರು ಹೇಳುತ್ತಾರೆ. ಅದರ ಬದಲು ಹೀಗೆ ಕೇಳಿ: ಕಳೆದ ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗೆ ಜ್ವರ ಬಂತು? ಮೊದಲು ಎಲ್ಲಿಗೆ ಹೋದಿರಿ? ಏನು ಜ್ವರ ಅಂತ ಗೊತ್ತಾಗಲು ಎಷ್ಟು ದಿನ ಹಿಡಿಯಿತು? ಎಷ್ಟು ದಿನದ ಕೂಲಿ ಹೋಯಿತು? ಕೊನೆಗೂ ಗೊತ್ತಾಗದೇ ಉಳಿದದ್ದೇನು? ಇಂಥ ಮಾತಿನಿಂದಲೇ ಪ್ರಶ್ನೆಗಳು ಹುಟ್ಟುತ್ತವೆ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿಯುವ ಜನ ನಾವು. ಮಳೆಗಾಲ ಎಂದರೆ ಕಾಯಿಲೆಯ ಕಾಲ ಎಂಬ ತಿಳಿವಳಿಕೆ ಇಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಮರ್ಯಾದೆ ಕೊಟ್ಟು ಮಾತು ಶುರು ಮಾಡಿದರೆ ಜನ ಮನಸ್ಸು ಬಿಚ್ಚುತ್ತಾರೆ.

ಹಂತ 4: ರೋಗದ ಹೆಸರನ್ನು ಪ್ರಶ್ನೆಯಾಗಿ ಮಾಡಿ

ಪ್ರತಿ ಪ್ರಶ್ನೆಯಲ್ಲೂ ನಾಲ್ಕು ಸಂಗತಿ ಇರಬೇಕು. ಯಾರಲ್ಲಿ, ಎಲ್ಲಿ, ಏನು ತಿಳಿಯಬೇಕು, ತಿಳಿದರೆ ಯಾರು ಏನನ್ನು ಬದಲಾಯಿಸುತ್ತಾರೆ. ನಾಲ್ಕನೆಯದನ್ನು ತುಂಬಲು ಆಗದಿದ್ದರೆ ಆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಅದು ಒಳ್ಳೆಯ ಪ್ರಶ್ನೆಯೇ ಇರಬಹುದು, ಜಿಲ್ಲೆಯ ಆದ್ಯತೆ ಅಲ್ಲ. ಕೆಲವು ಮಾದರಿ ನೋಡೋಣ.

ಮಲೇರಿಯಾ. ಮಂಗಳೂರಿನಲ್ಲಿ ಹೆಚ್ಚಾಗಿ ಸಿಗುವುದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಇದು ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಎದ್ದು ಬರುತ್ತದೆ. ಅದಕ್ಕೇ 14 ದಿನ ಪ್ರಿಮಾಕ್ವಿನ್ ಮಾತ್ರೆ. ಆದರೆ ಕಟ್ಟಡ ಕಾರ್ಮಿಕರು ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿರಬಹುದು. ಆದ್ದರಿಂದ ಪ್ರಶ್ನೆ: 'ಸೈಟು ಬದಲಾಯಿಸುವ ಕಾರ್ಮಿಕರಲ್ಲಿ 14 ದಿನದ ಮಾತ್ರೆ ಪೂರ್ತಿ ಮುಗಿಸುವವರು ಎಷ್ಟು? ಗುತ್ತಿಗೆದಾರರ ಮೂಲಕ ನಿಗಾ ಇಟ್ಟರೆ ಅದು ಹೆಚ್ಚುತ್ತದೆಯೇ?' ಬದಲಾಯಿಸುವವರು: ಪಾಲಿಕೆ ಮತ್ತು ಕಾರ್ಮಿಕ ಇಲಾಖೆ. ಇಂಥ ಪ್ರಶ್ನೆ ಫಲ ಕೊಡುತ್ತದೆ ಎಂಬುದಕ್ಕೆ ಮಂಗಳೂರೇ ಸಾಕ್ಷಿ. 2015ರಲ್ಲಿ ಇಲ್ಲಿ ಟ್ಯಾಬ್ಲೆಟ್ ಮೂಲಕ ಪ್ರಕರಣ ದಾಖಲಿಸಿ ನಕ್ಷೆಯಲ್ಲಿ ಗುರುತಿಸುವ ವ್ಯವಸ್ಥೆ ಬಂತು. ರೋಗಿಯ ಮಾಹಿತಿ ಬೇಗ ಬಂದರೆ ಆ ಮನೆಯ ಸುತ್ತ ಸೊಳ್ಳೆ ಹುಡುಕುವುದೂ ಬೇಗ. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದವು. ಹೊಸ ಔಷಧಿ, ಹೊಸ ಲಸಿಕೆ ಯಾವುದೂ ಅಲ್ಲ. ಮಾಹಿತಿ ತಲುಪುವ ವೇಗದ ಪ್ರಶ್ನೆ ಅದು.

ಡೆಂಗಿ. 2019ರ ಮಳೆಗಾಲದಲ್ಲಿ ಮಂಗಳೂರು ನಗರ ಡೆಂಗಿಯಿಂದ ಎಷ್ಟು ಕಂಗೆಟ್ಟಿತ್ತು ಎಂದು ಇಲ್ಲಿನವರಿಗೆ ನೆನಪಿದೆ. ಎಲ್ಲರ ಗಮನ ಟೆರೇಸು, ಟಯರು, ಹೂಕುಂಡದ ಮೇಲೆ. ಗ್ರಾಮಾಂತರದಲ್ಲಿ ಸೊಳ್ಳೆಯ ತೊಟ್ಟಿಲು ಬೇರೆ: ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಕಪ್ಪು, ಕೊಕ್ಕೋ ಸಿಪ್ಪೆ. 'ಮಳೆ ಶುರುವಾಗುವ ಮೊದಲು ಹಾಳೆ ಹೆಕ್ಕಿದ ತೋಟದಲ್ಲೂ ಹೆಕ್ಕದ ತೋಟದಲ್ಲೂ ಲಾರ್ವಾ ಎಷ್ಟು? ಅದಕ್ಕೆ ಬೇಕಾಗುವ ಆಳಿನ ಕೂಲಿ ಎಷ್ಟು?' ಕೂಲಿಯ ಮಾತಿಲ್ಲದ ಸಲಹೆಯನ್ನು ಯಾವ ಕೃಷಿಕರೂ ಪಾಲಿಸಲಾರರು.

ಇಲಿ ಜ್ವರ ಮತ್ತು ಸ್ಕ್ರಬ್ ಟೈಫಸ್ (ಪೊದೆಯ ಸಣ್ಣ ಹುಳ ಕಚ್ಚಿ ಬರುವ ಜ್ವರ). ಎರಡಕ್ಕೂ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ, ಡೆಂಗಿಗೆ ಇಲ್ಲ. ಮೂರೂ ಮೊದಲೆರಡು ದಿನ ಒಂದೇ ತರಹ: ಜ್ವರ, ಮೈಕೈ ನೋವು, ತಲೆನೋವು. 'ಗದ್ದೆ, ತೋಟದಲ್ಲಿ ದುಡಿಯುವವರಿಗೆ ಜ್ವರ ಬಂದಾಗ, ಯಾವ ಲಕ್ಷಣ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರಿಪೋರ್ಟಿಗೆ ಕಾಯದೆ ಮಾತ್ರೆ ಶುರು ಮಾಡಬಹುದು?' ನನ್ನ ಮಟ್ಟಿಗೆ ಎರಡು ಜಿಲ್ಲೆಯ ಪಟ್ಟಿಯಲ್ಲಿ ಇದು ಮೇಲಿರಬೇಕು. ತಡವಾದರೆ ಕಿಡ್ನಿಗೆ ಪೆಟ್ಟು, ಐಸಿಯು, ಸಾಲ. ಮಾತ್ರೆ ಮಾತ್ರ ಅಗ್ಗ.

ಮೆಲಿಯಾಯ್ಡೋಸಿಸ್. 'ಸಕ್ಕರೆ ಕಾಯಿಲೆ ಇದ್ದು, ಕಫದಲ್ಲಿ ಕ್ಷಯ ಸಿಗದಿದ್ದರೂ ಕ್ಷಯದ ಚಿಕಿತ್ಸೆಗೆ ಸೇರಿದವರಿಗೆ ಮಳೆಗಾಲದಲ್ಲಿ ಕಲ್ಚರ್ ಮಾಡಿದರೆ ಎಷ್ಟು ಮಂದಿಯಲ್ಲಿ ಇದು ಸಿಗುತ್ತದೆ?' ಇದರ ಚಿಕಿತ್ಸೆ ಪೂರ್ತಿ ಬೇರೆ. ಮೊದಲು ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ ಔಷಧಿ, ಆಮೇಲೆ ಕನಿಷ್ಠ ಮೂರು ತಿಂಗಳು ಮಾತ್ರೆ. ಕ್ಷಯದ ಮಾತ್ರೆಯಿಂದ ಗುಣವಾಗುವುದಿಲ್ಲ.

ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ. 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ದೊಡ್ಡದಾಗಿ ಹರಡಿತು. ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದ ಸುತ್ತ. ಇದರ ಕಾಲ ಮಳೆಗಾಲವಲ್ಲ, ಡಿಸೆಂಬರ್‌ನಿಂದ ಮೇ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲ ಎಂದು ನಿಲ್ಲಿಸಿದ್ದಾರೆ. ಹೊಸ ಲಸಿಕೆಯ ಕೆಲಸ ರಾಷ್ಟ್ರ ಮಟ್ಟದಲ್ಲಿ ನಡೆಯುತ್ತಿದೆ, ಅದನ್ನು ಜಿಲ್ಲೆ ಮಾಡಬೇಕಾಗಿಲ್ಲ. ಜಿಲ್ಲೆ ಕೇಳಬೇಕಾದ್ದು: 'ಮಂಗ ಸತ್ತು ಬಿದ್ದದ್ದನ್ನು ಯಾರಾದರೂ ನೋಡಿದ ಗಳಿಗೆಯಿಂದ ಪಂಚಾಯತ್, ಅರಣ್ಯ, ಪಶು, ಆರೋಗ್ಯ ಇಲಾಖೆ ದಾಟಿ ಆ ಊರಿನ ಮನೆಗಳಿಗೆ ಎಚ್ಚರಿಕೆ ತಲುಪಲು ಎಷ್ಟು ದಿನ? ಯಾವ ಮೇಜಿನಲ್ಲಿ ತಡವಾಗುತ್ತದೆ?'

ಬಾವಿ ನೀರು. ಇಲ್ಲಿ ಮನೆಗೊಂದು ಬಾವಿ. ನೆಲ ಮುರಕಲ್ಲು, ತೂತು ತೂತಾದ ಕೆಂಪು ಕಲ್ಲು, ನೀರು ಸಲೀಸಾಗಿ ಇಳಿಯುತ್ತದೆ. ಪಕ್ಕದ ಮನೆಯ ಶೌಚದ ಗುಂಡಿ ಬಾವಿಗೆ ಎಷ್ಟು ದೂರ ಇದ್ದರೆ ಸುರಕ್ಷಿತ ಎಂಬುದಕ್ಕೆ ಬೇರೆ ಮಣ್ಣಿನ ಲೆಕ್ಕ ಇಲ್ಲಿಗೆ ಹೊಂದದೇ ಇರಬಹುದು. ಕಾಮಾಲೆ, ಟೈಫಾಯಿಡ್ ಎರಡಕ್ಕೂ ಸೇರಿದ ಪ್ರಶ್ನೆ ಇದು. ಉತ್ತರ ಸಿಕ್ಕರೆ ಪಂಚಾಯತ್ ಮನೆ ಕಟ್ಟಲು ಪರವಾನಗಿ ಕೊಡುವಾಗಲೇ ಬಳಸಬಹುದು.

ಹೀಗೆ ಅರವತ್ತು ಎಪ್ಪತ್ತು ಪ್ರಶ್ನೆ ಸೇರುತ್ತವೆ. ಬೇರೆ ಕಡೆ ಉತ್ತರ ಸಿಕ್ಕಿ, ಅದು ಇಲ್ಲಿಗೂ ಹೊಂದುವುದಾದರೆ ಹೊಡೆದು ಹಾಕಿ. ಮಣ್ಣು, ಕೆಲಸ, ಕೀಟ, ಆಸ್ಪತ್ರೆಗೆ ಹೋಗುವ ಅಭ್ಯಾಸ, ಇವುಗಳಲ್ಲಿ ಯಾವುದರಿಂದಾದರೂ ಉತ್ತರ ಇಲ್ಲಿ ಬೇರೆಯಾಗುವಂತಿದ್ದರೆ ಉಳಿಸಿ. ಮೂವತ್ತರ ಸುಮಾರಿಗೆ ಇಳಿಯಲಿ.

ಹಂತ 5: ಅಂಕ ಹಾಕಿ

ಯಾವ ಸಂಶೋಧನೆ ಮೊದಲು ಎಂದು ಅಂಕ ಹಾಕಿ ತೀರ್ಮಾನಿಸಲು ಜಗತ್ತಿನ ಹಲವು ಕಡೆ ಬಳಸುವ ಸಿಎಚ್‌ಎನ್‌ಆರ್‌ಐ ವಿಧಾನ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಮಕ್ಕಳ ಆರೋಗ್ಯದ ಸಂಶೋಧನೆಗೆಂದು ಹುಟ್ಟಿದ್ದು, ಈಗ ಎಲ್ಲದಕ್ಕೂ ಬಳಕೆಯಾಗುತ್ತಿದೆ. ಪ್ರತಿ ಪ್ರಶ್ನೆಗೂ ಐದು ಕಡೆಯಿಂದ ಅಂಕ. ಇದಕ್ಕೆ ಉತ್ತರ ಹುಡುಕಲು ಸಾಧ್ಯವೇ? ಆ ಉತ್ತರದಿಂದ ಬರುವ ಉಪಾಯ ಕೆಲಸ ಮಾಡೀತೇ? ಅದನ್ನು ಜನರಿಗೆ ತಲುಪಿಸಲು ಆದೀತೇ? ರೋಗದ ಹೊರೆ ಎಷ್ಟು ಇಳಿದೀತು? ಬಡವರಿಗೆ, ದೂರದಲ್ಲಿರುವವರಿಗೆ ಸಿಕ್ಕೀತೇ? ನಾನಾದರೆ ಆರನೆಯದು ಸೇರಿಸುತ್ತೇನೆ: ಈ ಉತ್ತರವನ್ನು ಬಳಸುತ್ತೇನೆಂದು ಒಪ್ಪಿದ ಅಧಿಕಾರಿ ಇದ್ದಾರೆಯೇ?

ಅಂಕ ಸರಳ. ಹೌದು ಎಂದರೆ 1, ಇಲ್ಲ ಎಂದರೆ 0, ಎರಡರ ನಡುವೆ ಇದ್ದರೆ 0.5. ಆ ವಿಷಯವೇ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಈ ಖಾಲಿ ಮುಖ್ಯ. 20 ಮಂದಿಯಲ್ಲಿ ನಾಲ್ವರು ಖಾಲಿ ಬಿಟ್ಟು, 12 ಮಂದಿ ಹೌದು, ಇಬ್ಬರು ಇಲ್ಲ, ಇಬ್ಬರು ಅರ್ಧ ಎಂದರೆ 13ನ್ನು 16ರಿಂದ ಭಾಗಿಸಬೇಕು, ಸುಮಾರು 0.81. ಖಾಲಿಯನ್ನು ಸೊನ್ನೆ ಎಂದು ಹಿಡಿದರೆ 0.65ಕ್ಕೆ ಇಳಿಯುತ್ತದೆ. ಉಣುಗಿನ ಬಗ್ಗೆ ತಿಳಿಯದ ನಗರದ ವೈದ್ಯರು ಸುಮ್ನೆ ಮಂಗನ ಕಾಯಿಲೆಯನ್ನು ಕೆಳಗೆ ತಳ್ಳಿದಂತಾಗುತ್ತದೆ.

ಐದೋ ಆರೋ ಅಳತೆಗೋಲಿನಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಹೇಳುವ ಹಕ್ಕನ್ನು ತಜ್ಞರಿಗೆ ಬಿಡಬೇಡಿ. ಅದನ್ನು ಹಂತ 3ರಲ್ಲಿ ಮಾತಾಡಿದ ಆಶಾ ಕಾರ್ಯಕರ್ತೆಯರು, ಕೃಷಿಕರು, ಮೀನುಗಾರರು ಹೇಳಲಿ. ಒಟ್ಟು ಅಂಕದ ಪಕ್ಕದಲ್ಲೇ ಎಷ್ಟು ಜನ ಒಮ್ಮತದಲ್ಲಿದ್ದರು ಎಂದೂ ಬರೆಯಿರಿ. ಅಂಕ ಜಾಸ್ತಿ ಇದ್ದು ಒಮ್ಮತ ಕಡಿಮೆ ಇರುವ ಪ್ರಶ್ನೆಗಳೇ ಸಭೆಯಲ್ಲಿ ಚರ್ಚೆಗೆ ಯೋಗ್ಯ.

ಹಂತ 6: ಸಭೆ

ಅಂಕವನ್ನು ಹೆಸರಿಲ್ಲದ ಚೀಟಿಯಲ್ಲಿ, ಸಭೆಗೆ ಮೊದಲೇ ತೆಗೆದುಕೊಳ್ಳಿ. ಎದುರಿಗೆ ಹಿರಿಯ ಪ್ರೊಫೆಸರ್ ಕೂತಿರುವಾಗ 'ಇಲ್ಲ ಸಾರ್, ಅದು ನಮ್ಮ ಕೇಂದ್ರದಲ್ಲಿ ನಡೆಯುವುದಿಲ್ಲ' ಎಂದು ಹೇಳುವ ಶುಶ್ರೂಷಕಿ ಎಷ್ಟು ಮಂದಿ ಇರಬಹುದು? ಆದರೆ ಸರಿಯಾಗಿ ಗೊತ್ತಿರುವುದು ಅವರಿಗೇ. ಮೊದಲ ಮಾತು ಕೆಳಗಿನ ಹಂತದವರದ್ದಾಗಲಿ, ಹಿರಿಯರು ಕೊನೆಗೆ ಮಾತಾಡಲಿ.

ತಮ್ಮದೇ ಪ್ರಾಜೆಕ್ಟಿಗೆ ಹಣ ಬರುವ ಪ್ರಶ್ನೆಗೆ ಅವರು ಅಂಕ ಹಾಕುವಂತಿಲ್ಲ. ಕಿಟ್, ಔಷಧಿ ಮಾರುವ ಕಂಪನಿಯವರು ಮಾಹಿತಿ ಕೊಡಬಹುದು, ಅಂಕ ಹಾಕುವುದು ಬೇಡ. ಇಷ್ಟನ್ನು ಆಹ್ವಾನ ಪತ್ರದಲ್ಲೇ ಬರೆದರೆ ಆಮೇಲೆ ಮುಜುಗರ ಇರುವುದಿಲ್ಲ.

ಹಂತ 7: ಪಟ್ಟಿಯನ್ನು ಕೆಲಸಕ್ಕೆ ಹಚ್ಚಿ

ಹತ್ತು ಪ್ರಶ್ನೆ ಉಳಿಸಿಕೊಳ್ಳಿ. ಅವನ್ನು ಗಾತ್ರದ ಮೇಲೆ ಮೂರು ಗುಂಪು ಮಾಡಿ. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧದಲ್ಲಿ ಮುಗಿಯುವಂಥದ್ದು. ಎರಡು ಮೂರು ಕಾಲೇಜು ಸೇರಿ ಮಾಡಬೇಕಾದದ್ದು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಥರದ ಕಡೆಯಿಂದ ಹಣ ಬೇಕಾದದ್ದು. ಮೊದಲ ಗುಂಪಿನದ್ದನ್ನು ಹೊಸ ಬ್ಯಾಚ್ ವಿಷಯ ಆರಿಸುವ ಮೊದಲೇ ಎಲ್ಲ ಕಾಲೇಜಿನ ವಿಭಾಗಗಳಿಗೂ ಕಳಿಸಿ. ಒಂದೇ ಪ್ರಶ್ನೆಯನ್ನು ಸುಳ್ಯ, ಕಾರ್ಕಳ, ಕುಂದಾಪುರದಲ್ಲಿ ಮೂವರು ವಿದ್ಯಾರ್ಥಿಗಳು ಒಂದೇ ನಮೂನೆಯಲ್ಲಿ ಮಾಡಿದರೆ ಮೂರು ಚಿಕ್ಕ ಪ್ರಬಂಧ ಸೇರಿ ಒಂದು ದೊಡ್ಡ ಉತ್ತರವಾಗುತ್ತದೆ. ಹಣವೇನೂ ಹೆಚ್ಚು ಬೇಡ.

ನೈತಿಕ ಸಮಿತಿಯ ಒಪ್ಪಿಗೆಯನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಪಡೆಯಿರಿ. ಜೂನ್‌ನಲ್ಲಿ ಜ್ವರ ಏರಿದ ಮೇಲೆ ಅರ್ಜಿ ಹಾಕಿದರೆ ಒಪ್ಪಿಗೆ ಬರುವಾಗ ಮಳೆ ನಿಂತಿರುತ್ತದೆ. ಮಂಗನ ಕಾಯಿಲೆಯದ್ದಾದರೆ ಸೆಪ್ಟೆಂಬರ್ ಒಳಗೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ತುರ್ತು ಪರಿಸ್ಥಿತಿ, ಸಾಂಕ್ರಾಮಿಕದ ಸಮಯದ ಸಂಶೋಧನೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಅದನ್ನು ಓದಿ ಮುಂಗಡ ಪ್ರೋಟೋಕಾಲ್ ಸಿದ್ಧ ಮಾಡಿಡಬಹುದು. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ತುಳುವಿನಲ್ಲಿ ಓದಿ ಹೇಳಿ, ಸಾಕ್ಷಿಯ ಮುಂದೆ ಸಹಿ ಹಾಕಿಸಿದರೂ ಸರಿ.

ಹಂತ 8: ವರ್ಷಕ್ಕೊಮ್ಮೆ ಮತ್ತೆ ನೋಡಿ

ನವೆಂಬರ್ ಒಳ್ಳೆಯ ತಿಂಗಳು. ಮಳೆಗಾಲದ ಲೆಕ್ಕ ಕೈಗೆ ಬಂದಿರುತ್ತದೆ, ಉಣುಗಿನ ಕಾಲ ಇನ್ನೂ ಶುರುವಾಗಿರುವುದಿಲ್ಲ. ಅರ್ಧ ದಿನದ ಸಭೆ ಸಾಕು. ಪ್ರತಿ ಪ್ರಶ್ನೆಯ ಮುಂದೆ ಬರೆಯಿರಿ: ಶುರುವಾಗಿದೆ, ಆಗಿಲ್ಲ, ಮುಗಿದಿದೆ, ಉತ್ತರ ಬಳಕೆಗೆ ಬಂದಿದೆ. ಎರಡು ವರ್ಷ ಯಾರೂ ಎತ್ತಿಕೊಳ್ಳದ ಪ್ರಶ್ನೆ ಇದ್ದರೆ ಕಾರಣ ಕೇಳಿ. ಹಣವಿಲ್ಲವೇ, ಲ್ಯಾಬ್ ಇಲ್ಲವೇ, ಅಥವಾ ಪ್ರಶ್ನೆಯೇ ಸರಿಯಿಲ್ಲವೇ?

ಹೊಸ ರೋಗ ಬಂದರೆ, ಯಾವುದಾದರೂ ರೋಗದ ಮಾದರಿ ಬದಲಾದರೆ ನವೆಂಬರ್ ತನಕ ಕಾಯಬೇಡಿ. ಮಲೇರಿಯಾ ಇಳಿದಂತೆ ಅದರ ಪ್ರಶ್ನೆಗಳೂ ಬದಲಾಗಬೇಕು. ಜಾಸ್ತಿ ಇದ್ದಾಗ ಸೊಳ್ಳೆ ನಿಯಂತ್ರಣದ ಪ್ರಶ್ನೆ. ಕಡಿಮೆಯಾದ ಮೇಲೆ ಹೊರಗಿನಿಂದ ಬಂದ ಪ್ರಕರಣವನ್ನು ಬೇಗ ಹಿಡಿಯುವ ಪ್ರಶ್ನೆ. ದೇಶದಲ್ಲಿ 2030ರೊಳಗೆ ಮಲೇರಿಯಾ ನಿರ್ಮೂಲನೆಯ ಗುರಿ ಇರುವುದರಿಂದ ಇದು ಬೇಗನೆ ಎದುರಾಗುತ್ತದೆ.

ಉತ್ತರ ಸಿಕ್ಕಾಗ ಜರ್ನಲ್‌ಗೆ ಕಳಿಸುವ ಜೊತೆಗೇ ಒಂದು ಪುಟದ ಕನ್ನಡ ಸಾರಾಂಶ ಬರೆಯಿರಿ. ಅದನ್ನು ತಾಲೂಕು ಆರೋಗ್ಯಾಧಿಕಾರಿಗೆ, ಮಾಹಿತಿ ಕೊಟ್ಟ ಗ್ರಾಮದ ಪಂಚಾಯತಿಗೆ ತಲುಪಿಸಿ. ಮುಂದಿನ ಗ್ರಾಮಸಭೆಯಲ್ಲಿ ಆ ಊರಿನ ಆಶಾ ಕಾರ್ಯಕರ್ತೆಯೇ ಅದನ್ನು ಓದಿ ಹೇಳಲಿ. ಅಲ್ಲಿ ಜನ ಎತ್ತುವ ಹೊಸ ಪ್ರಶ್ನೆಗಳನ್ನು ಬರೆದುಕೊಂಡು ನವೆಂಬರ್ ಸಭೆಗೆ ತನ್ನಿ.